ಇಟ್ಟಿಗೆಗೊಂದು ಸೇತುವೆ

ಟಕ್, ಟಕ್, ಟಕ್. ಕಂಪಾಸ್ ಪೆಟ್ಟಿಗೆಯ ಮುಚ್ಚಳ ತೆರೆದು ಮುಚ್ಚುವ ಸದ್ದು. ನಲವತ್ತು ವರ್ಷ ಇಂಗ್ಲಿಷ್ ಕಲಿಸಿದ ನಾನು ಅದನ್ನು ಶಿಸ್ತಿಲ್ಲದ ಮಗುವಿನ ಸದ್ದು ಎಂದೇ ತಿಳಿದಿದ್ದೆ. ಅದು ಕೆಲಸ ಮುಗಿದುಹೋದ ಮಗುವಿನ ಸದ್ದು ಎಂದು ಗೊತ್ತಾಗಲು ರಿಟೈರ್ ಆಗಿ, ಅಫಜಲಪುರದಲ್ಲಿ ತಂಗಿಯ ಮನೆ ಸೇರಿ, ಕರಜಗಿಯ ಒಂದು ಸಣ್ಣ ಶಾಲೆಗೆ ಶನಿವಾರ ಶನಿವಾರ ಹೋಗಬೇಕಾಯಿತು. ಪೆಟ್ಟಿಗೆ ಐದನೇ ಇಯತ್ತೆಯ ಮಹಾದೇವಿಯದು. ಉಳಿದವರು ಬೋರ್ಡಿನ ಮೇಲಿನ ಲೆಕ್ಕ ಬರೆದುಕೊಳ್ಳುವಷ್ಟರಲ್ಲಿ ಇವಳು ಉತ್ತರ ಬರೆದು, ಪಕ್ಕದವಳದನ್ನೂ ತಿದ್ದಿ, ಮುಚ್ಚಳಕ್ಕೆ ಕೈ ಹಾಕಿರುತ್ತಿದ್ದಳು. "ಆಕಿ ಮೊದಲ ಲೆಕ್ಕ ಮುಗಿಸ್ತಾಳ್ರಿ ಮೇಡಂ, ಆಮ್ಯಾಲ ನಮ್ಮನ್ನ ಮುಗಿಸ್ತಾಳ," ಎಂದರು ಹೆಡ್‌ಮಿಸ್ ಬಸಮ್ಮ, ಒಂದು ಗುರುವಾರ ಫೋನ್ ಮಾಡಿ. "ಸುಮ್ನ ಕುಂತು ಸಾಕಾಗ್ಯಾದ, ಸೋಮವಾರದಿಂದ ಸಾಲಿಗಿ ಬರಂಗಿಲ್ಲ ಅನ್ನಾಕತ್ಯಾಳ. ಅವರ ಅಜ್ಜಿನೂ ಹೂಂ ಅಂದಾಳ. ಏನರೆ ಚಾಲೆಂಜ್ ಕೊಡ್ರಿ." ಅಂದರೆ ನನ್ನ ಕೈಯಲ್ಲಿ ಉಳಿದದ್ದು ಒಂದೇ ಶನಿವಾರ.

ಮೊಬೈಲಿನಲ್ಲಿ ಹುಡುಕಿದೆ. ಜಾಣ ಮಕ್ಕಳಿಗೆ ಎಂಜಿನಿಯರಿಂಗ್ ಆಕ್ಟಿವಿಟಿ ಕೊಡಿ ಎಂದಿತ್ತು: ಐಸ್‌ಕ್ರೀಂ ಕಡ್ಡಿ, ಗೋಂದು, ಎರಡು ಬೆಂಚುಗಳ ನಡುವೆ ಒಂದು ಬ್ರಿಡ್ಜ್, ಅದರ ಮೇಲೊಂದು ಇಟ್ಟಿಗೆ. ವೆರಿ ಸಿಂಪಲ್ ಅನಿಸಿತು. ನಮ್ಮ ಕಾನ್ವೆಂಟಿನಲ್ಲಿ ಎಲೊಕ್ಯೂಷನ್ ಕಲಿಸಿದ್ದರು, ಎಂಬ್ರಾಯ್ಡರಿ ಕಲಿಸಿದ್ದರು, ಬೆನ್ನು ನೆಟ್ಟಗಿಟ್ಟು ಕೂರುವುದನ್ನು ಕಲಿಸಿದ್ದರು. ಮೊಳೆ ಹೊಡೆಯುವುದಕ್ಕೆ ಮಾತ್ರ ಮಾಲಿಯನ್ನು ಕರೆಯುತ್ತಿದ್ದರು. ಹೀಗಾಗಿ ನನ್ನ ಎಂಜಿನಿಯರಿಂಗ್ ಸೂಜಿಗೆ ದಾರ ಪೋಣಿಸುವಲ್ಲಿಗೆ ನಿಂತಿದೆ, ಈಗ ಅದಕ್ಕೂ ಕನ್ನಡಕ ಬೇಕು. ಶುಕ್ರವಾರ ಮಧ್ಯಾಹ್ನ ಮನೆಯಲ್ಲಿ ಪ್ರ್ಯಾಕ್ಟೀಸ್ ಮಾಡುತ್ತಿದ್ದಾಗ ತಂಗಿ ಬಂದು ನಿಂತಳು. "ಅಕ್ಕಾ, ಇದು ಬ್ರಿಡ್ಜೋ, ಒಣಾ ಹಾಕಿದ ಸಂಡಿಗ್ಯೋ?" ಎದ್ದುಹೋಗಿ ಸಿಟ್ಟು ತೋರಿಸಬಹುದಿತ್ತು, ಆದರೆ ಕೈ ಟೇಬಲ್‌ಕ್ಲಾತಿಗೆ ಅಂಟಿತ್ತು.

ಶನಿವಾರ ಕಡ್ಡಿ ಹಂಚಿ, ಈ ಸಾಮಾನು ಬಿಟ್ಟು ಬೇರೇನೂ ಮುಟ್ಟುವಂತಿಲ್ಲ ಎಂದೆ. ಮಹಾದೇವಿ ಎದ್ದು ನಿಂತಳು.

"ಮಿಸ್, ಈ ಬ್ರಿಡ್ಜಿನ ಮ್ಯಾಗ ಯಾರು ಹೋಗ್ತಾರ್ರಿ?"

"ಇಟ್ಟಂಗಿ."

"ಇಟ್ಟಂಗಿಗಿ ಆ ಕಡಿ ಏನು ಕೆಲಸ ಅದರಿ?"

ನನ್ನ ಇಡೀ ಸರ್ವೀಸಿನಲ್ಲಿ ಇಟ್ಟಿಗೆಯ ಪರವಾಗಿ ವಾದಿಸುವ ಪ್ರಸಂಗ ಬಂದಿರಲಿಲ್ಲ. ನಾನು ಇಟ್ಟಿಗೆಯ ಧೂಳು ಒರೆಸುವಷ್ಟರಲ್ಲಿ ಅವಳು ಹೊರಗೆ ಹೋಗಿ, ಶಾಲೆಯ ಹಿಂದಿನ ಮೇವಿನ ಬಣವೆಯಿಂದ ಒಂದು ತೆಕ್ಕೆ ಜೋಳದ ದಂಟು ತಂದಳು. ಸುಗ್ಗಿಯಲ್ಲಿ ಈ ಕಡೆಯ ಮಕ್ಕಳು ದಂಟಿನಿಂದ ಆಟದ ಬಂಡಿ ಮಾಡುತ್ತಾರೆ. ಹಲ್ಲಿನಿಂದ ಸಿಪ್ಪೆ ಸುಲಿದು, ಆ ಸಿಪ್ಪೆಯ ಸೀಳನ್ನೇ ಒಳಗಿನ ಮೆತ್ತನೆಯ ಬೆಂಡಿಗೆ ಮೊಳೆಯಂತೆ ಚುಚ್ಚುತ್ತಾರೆ. ಗೋಂದು ಬೇಡ, ದಾರ ಬೇಡ. ಅರ್ಧ ಗಂಟೆಯಲ್ಲಿ ಕೆಳಗೆ ಓರೆ ಆಸರೆ ಕೊಟ್ಟ ಸೇತುವೆ ನಿಂತಿತು. ಇಟ್ಟಿಗೆ ಇಟ್ಟರೆ ತುಸು ಬಾಗಿ, ಒಂದು ಗಳಿಗೆ ಯೋಚನೆ ಮಾಡಿ, ಹಾಗೇ ನಿಂತಿತು. ಉಳಿದವರ ಸೇತುವೆಗಳು ಇಟ್ಟಿಗೆಯ ಜೊತೆಗೇ ನೆಲಕ್ಕೆ ಇಳಿದವು. ಆಗ ನನ್ನ ಬಾಯಿಂದ ಬಂದದ್ದೇನು? "ಡಿಸ್‌ಕ್ವಾಲಿಫೈಡ್. ಮೆಟೀರಿಯಲ್ ಬೇರೆ."

ಅವಳು ಅಳಲಿಲ್ಲ. "ಹಂಗಾದ್ರ ನೀವು ಕೊಟ್ಟಿದ್ದು ಬ್ರಿಡ್ಜಿನ ಲೆಕ್ಕ ಅಲ್ರಿ ಮಿಸ್, ಗೋಂದಿನ ಲೆಕ್ಕ," ಎಂದು ಚೀಲ ಹೆಗಲಿಗೇರಿಸಿ ಹೊರಟಳು. ಗೇಟಿನ ತನಕ ನಾನು ಹಿಂದೆ ಹಿಂದೆಯೇ ಹೋದೆ. ಸಾರಿ ಎಂಬ ಶಬ್ದವನ್ನು ಎಷ್ಟೋ ಮಕ್ಕಳ ಬಾಯಿಂದ ಹೇಳಿಸಿದ್ದೇನೆ, ನಾನೇ ಹೇಳಲು ಹೋದರೆ ಅದು ಹೊರಗೆ ಬರಲು ಒಪ್ಪಲಿಲ್ಲ. "ತಪ್ಪು ನಂದವ್ವಾ," ಎಂದೆ. "ಸೋಮವಾರ ಬಾ. ಇದು ಹೆಂಗ ಮಾಡೂದು, ನನಗ ಕಲಿಸು."

ಅವಳು ನನ್ನ ಕೈಗಳನ್ನು ನೋಡಿದಳು. "ಬಂಡಿಯಿಂದ ಸುರು ಮಾಡ್ಬೇಕ್ರಿ. ಬ್ರಿಡ್ಜ್ ನಿಮಗ ಈಗೇ ಆಗಂಗಿಲ್ಲ."

ಸೋಮವಾರ ಅವಳು ಬಂದಳು, ನಾನೂ ಹೋದೆ. ಆಮೇಲೆ ಚಾಲೆಂಜ್ ಕೊಡುವ ಕೆಲಸ ಮಕ್ಕಳದೇ ಆಯಿತು, ತಿಣುಕುವುದು ನನ್ನದು. "ಹಲ್ಲಿಲೆ ಸುಲೀರಿ ಮಿಸ್." "ನನ್ನ ಹಲ್ಲು ಡಾಕ್ಟರು ಕೊಟ್ಟಿದ್ದು." "ಹಂಗಾದ್ರ ಕೈಯಾಗ ತಗೊಂಡು ಸುಲೀರಿ." ಪರೀಕ್ಷೆ ಮುಗಿಯುವ ತನಕವೂ ನನ್ನ ಬಂಡಿಯ ಗಾಲಿ ತಿರುಗಲಿಲ್ಲ.

ಅವಳನ್ನು ನಾನು ಕೊನೆಯ ಸಲ ನೋಡಿದ್ದು ಜೂನಿನಲ್ಲಿ, ಚೌಡಾಪುರದ ಬಸ್ ಸ್ಟಾಪಿನಲ್ಲಿ. ಜೇವರ್ಗಿಯ ಹಾಸ್ಟೆಲ್ ಶಾಲೆಯಲ್ಲಿ ಸೀಟು ಸಿಕ್ಕಿತ್ತು. ಟ್ರಂಕು, ಅಜ್ಜಿ ಸಮೇತ ಹೊರಟಿದ್ದಳು. ಬಸ್ಸಿನ ಕಿಟಕಿಯಿಂದ ತಲೆ ಹೊರಹಾಕಿ, "ಗಾಲಿ ತಿರಗಿದ್ವೇನ್ರಿ ಮಿಸ್?" ಎಂದಳು. "ಆಲ್‌ಮೋಸ್ಟ್," ಎಂದೆ. "ದೀಪಾವಳಿ ಸೂಟಿಗಿ ಬಂದು ನೋಡ್ತೇನ್ರಿ," ಎಂದಳು. ದನಿ ಥೇಟ್ ನನ್ನದೇ, ಹೋಂವರ್ಕ್ ಮಾಡದವರ ಜೊತೆ ನಾನು ಮಾತಾಡುತ್ತಿದ್ದ ದನಿ. ಬಸ್ಸು ಹೋಯಿತು. ರಸ್ತೆಯಾಚೆ ಯಾರದೋ ಬಣವೆ ಇತ್ತು. ಆಚೆ ಈಚೆ ನೋಡಿದೆ, ಸೆರಗು ಸರಿಮಾಡಿಕೊಂಡೆ, ಬೆನ್ನು ನೆಟ್ಟಗೆ ಮಾಡಿಕೊಂಡು ಹೋಗಿ ಎರಡು ದಂಟು ಎಳೆದುಕೊಂಡೆ.