ಗೌರಿಯ ಕಾವಲಿಗೆ ರಜೆ ಹಾಕಿದ್ದು

ತೊಂಬತ್ತರ ದಶಕದಲ್ಲಿ ಇಡೀ ಹರದನಹಳ್ಳಿಯಲ್ಲಿ ದನಗಳ ಬಗ್ಗೆ ನನ್ನಷ್ಟು ತಿಳಿದವನು ಇನ್ನೊಬ್ಬನಿರಲಿಲ್ಲ. ಏಕೆಂದರೆ ಚಾಮರಾಜನಗರದ ತರಬೇತಿಯೊಂದರಲ್ಲಿ ನಾನು ಒಂದು ಇಡೀ ದಿನ, ಊಟದ ನಂತರವೂ ಎಚ್ಚರವಾಗಿದ್ದು, ಕುಳಿತು ಬಂದಿದ್ದೆ.

ಅಲ್ಲಿ ಕಲಿತದ್ದು ಇಷ್ಟು. ಒಳ್ಳೆಯ ತಳಿಯ ಕಡಸಿಗೆ ನಾಲ್ಕು ದಿನ ಇಂಜೆಕ್ಷನ್ ಕೊಟ್ಟರೆ ಒಂದರ ಬದಲು ಹಲವು ಅಂಡಗಳು ಬೆಳೆಯುತ್ತವೆ. ಬೆದೆಗೆ ಬಂದಾಗ ಉತ್ತಮ ಹೋರಿಯ ವೀರ್ಯ ಕೊಟ್ಟು, ಏಳನೇ ದಿನ ಭ್ರೂಣಗಳನ್ನು ತೊಳೆದು ತೆಗೆದು ಬೇರೆ ಹಸುಗಳ ಗರ್ಭದಲ್ಲಿಡುತ್ತಾರೆ. ನಮ್ಮ ಮನೆಯ ಕಡಸು ಗೌರಿಯೇ ಇದಕ್ಕೆ ತಕ್ಕವಳೆಂದು ದನದ ಡಾಕ್ಟರಿಗೆ ಮಾತು ಕೊಟ್ಟುಬಂದೆ.

ಗೌರಿ ನನ್ನ ಹೆಂಡತಿ ನಾಗರತ್ನಳ ತವರಾದ ಭೀಮನಬೀಡಿನಿಂದ ಎಳೆಗರುವಾಗಿ ಬಂದವಳು. ಬಾಟಲಿಯಲ್ಲಿ ಹಾಲು ಕುಡಿಸಿ ಸಾಕಿದ್ದು ನಾಗರತ್ನ. ನಾನು ಹೆಸರಿಟ್ಟಿದ್ದೆ, ಅಷ್ಟೇ.

"ಇನ್ನೂ ಒಂದ್ ಕರಾನೂ ಆಕಿಲ್ಲ. ನಾಳೀಕೆ ಗೊಡ್ಡಾಗ್ಬುಟ್ರೆ?" ಎಂದಳು.

ಇದು ವಿಜ್ಞಾನ, ಹೆದರಬೇಡ ಎಂದು ಅವಳಿಗೆ ಅಭಯವಿತ್ತೆ.

ಡಾಕ್ಟರು ಇಂಜೆಕ್ಷನ್ ಮುಗಿಸಿ ಒಂದೇ ಎಚ್ಚರಿಕೆ ಕೊಟ್ಟರು: ತಾವು ಬರುವವರೆಗೆ ಯಾವ ಹೋರಿಯೂ ಹತ್ತಿರ ಸುಳಿಯಬಾರದು. ನಾನು ಗೇಟಿಗೆ ಅಡ್ಡಲಾಗಿ ಬಿದಿರು ಗಳ ಕಟ್ಟಿ, ಆಫೀಸಿಗೆ ರಜೆ ಹಾಕಿ ಕಾವಲು ಕುಳಿತೆ. ನಾಗರತ್ನ ಬಟ್ಟೆ ಒಗೆಯಲು ಕೆರೆಗೆ ಹೋದಳು.

ಅಂದು ಸೋಮವಾರ. ದೇವಸ್ಥಾನಕ್ಕೆ ಬಿಟ್ಟ ಬಸವ ಎಂದಿನಂತೆ ಬಂದು ಗೇಟಿನ ಮುಂದೆ ನಿಂತ. ಸೋಮವಾರದ ದಿನ ಬಸವನನ್ನು ಬರಿಬಾಯಲ್ಲಿ ಕಳಿಸಿದ ವಂಶ ನಮ್ಮದಲ್ಲ. ನನ್ನ ಕಣ್ಣಿಗೆ ಅವನು ದೇವರಾಗಿ ಕಂಡನೇ ಹೊರತು ಹೋರಿಯಾಗಿ ಕಾಣಲೇ ಇಲ್ಲ! ಗಳ ಸರಿಸಿ, ಕಾಲಿಗೆ ನೀರು ಹಾಕಿ, ಹಣೆಗೆ ವಿಭೂತಿ ಬಳಿದು, ಬೆಲ್ಲ ತರಲು ಒಳಗೆ ಹೋದೆ. ಡಬ್ಬದ ಮುಚ್ಚಳ ಬಿಗಿಯಾಗಿತ್ತು. ನಾನು ಹೊರಬರುವಷ್ಟರಲ್ಲಿ ಬಸವನಿಗೆ ಬೆಲ್ಲ ಬೇಕಾಗಿರಲಿಲ್ಲ.

ಅದೇ ಹೊತ್ತಿಗೆ ಡಾಕ್ಟರ ಸ್ಕೂಟರ್ ಬಂತು. ಅವರು ಗೌರಿಯನ್ನು ನೋಡಿದರು, ಬಸವನ ಹಣೆಯ ಹಸಿ ವಿಭೂತಿ ನೋಡಿದರು, ಕೊನೆಗೆ ನನ್ನ ಕೈಯಲ್ಲಿದ್ದ ಬೆಲ್ಲ ನೋಡಿದರು. ಈ ಭ್ರೂಣಗಳು ತಮಗೆ ಬೇಡ, ಆದರೆ ಅಷ್ಟನ್ನೂ ಒಳಗೇ ಬಿಟ್ಟರೆ ಕಡಸಿಗೆ ಅಪಾಯ ಎಂದು ಹೇಳಿ, ಏಳನೇ ದಿನ ಬಂದು ಎಲ್ಲ ತೊಳೆದು ತೆಗೆದರು.

ನಾಗರತ್ನ ಕೇಳಿದ್ದು ಒಂದೇ. "ಇನ್ ಮುಂದ್ಕೆ ಗಬ್ಬ ನಿಲ್ತದಾ ಡಾಕ್ಟ್ರೇ?"

"ಸಾಮಾನ್ಯವಾಗಿ ನಿಲ್ಲುತ್ತೆ ಕಣಮ್ಮ. ಎಳೇ ಕಡಸು, ಬೆದೆ ಒಂಚೂರು ತಡ ಆಗ್ಬೋದು."

ಆ 'ಸಾಮಾನ್ಯವಾಗಿ' ನನ್ನನ್ನು ತಿಂದುಹಾಕಿತು. ದಿನವೂ ಆಫೀಸಿಗೆ ಹೊರಡುವ ಮುಂಚೆ ಕೊಟ್ಟಿಗೆಯಲ್ಲಿ ಅರ್ಧ ಗಂಟೆ ಕುಳಿತು, ಗೌರಿಯನ್ನು ಪರೀಕ್ಷಿಸಿ, ಪುಸ್ತಕದಲ್ಲಿ 'ಬೆದೆ ಇಲ್ಲ' ಎಂದು ದಾಖಲಿಸುತ್ತಿದ್ದೆ. ಹೀಗೇ ನಾಲ್ಕು ತಿಂಗಳು. ನಾಗರತ್ನ ನನ್ನನ್ನು ನೋಡಿಯೂ ಏನೂ ಅನ್ನುತ್ತಿರಲಿಲ್ಲ. ಬೈದಿದ್ದರೆ ವಾಸಿಯಿತ್ತು. ಅವಳು ಅಷ್ಟು ಅಕ್ಕರೆಯಿಂದ ಸಾಕಿದ ಜೀವವನ್ನು ನಾನು ಗೊಡ್ಡು ಮಾಡಿಬಿಟ್ಟೆನೆಂದು ಕೊರಗುತ್ತಿದ್ದೆ.

ಕೊನೆಗೆ ತಡೆಯಲಾರದೆ ಪುಸ್ತಕದ ಸಮೇತ ಡಾಕ್ಟರ ಮುಂದೆ ಹೋಗಿ ನಿಂತೆ. ಅವರು ಎರಡು ಪುಟ ತಿರುವಿ ನನ್ನ ಮುಖ ನೋಡಿದರು.

"ಬಸುರಿ ದನ ಬೆದೆಗೆ ಹೆಂಗ್ರೀ ಬರುತ್ತೆ? ನೀವು ಆಫೀಸಿಗೆ ಹೋಗಿದ್ದಾಗ ನಾನೇ ಬಂದು ವೀರ್ಯ ಕೊಟ್ಟು ಮೂರು ತಿಂಗಳ ಮೇಲಾಯ್ತು. ಮೊನ್ನೆ ಗಬ್ಬನೂ ನೋಡ್ಬಂದೆ. ನಿಮ್ ಮನೆಯವ್ರು ಹೇಳ್ಲಿಲ್ವಾ?"

ಸಂತೋಷಕ್ಕೋ ಅವಮಾನಕ್ಕೋ ಕಣ್ಣಲ್ಲಿ ನೀರು ಬಂತು. ಮನೆಗೆ ಬಂದವನೇ, ನನಗೆ ಯಾಕೆ ಹೇಳಲಿಲ್ಲ ಎಂದು ನಾಗರತ್ನಳನ್ನು ಕೇಳಿದೆ. ಅವಳು ಗೌರಿಯ ಮೈ ಸವರುತ್ತಾ, ತಿರುಗಿಯೂ ನೋಡದೆ ಹೇಳಿದಳು:

"ಏಳಿದ್ರೆ ನೀವು ಸಾಯ ಮಾಡ್ತೀನಿ ಅಂತ ಬತ್ತಿದ್ರಿ."