ಅಕ್ಕೋರ ಮಗಳ ಸೀಟು

ರೋಷನಬಿ ಕೇಳಿದ್ದು ಒಂದೇ ಪ್ರಶ್ನೆ. ಅದೂ ನಳದ ಕಟ್ಟೆಯ ಮೇಲೆ, ಕೊಡ ತಿಕ್ಕುತ್ತ.

“ಅಕ್ಕೋರ, ನಿಮ್ಮ ಮಗಳು ಯಾವ ಸಾಲಿಗಿ ಹೋಗ್ತಾಳ್ರಿ?”

ದಾಂಡೇಲಿಯ ಆ ಓಣಿಯ ಸರಕಾರಿ ಶಾಲೆಗೆ ದ್ರಾಕ್ಷಾಯಣಿ ಅಕ್ಕೋರು ಒಬ್ಬರೇ ಶಿಕ್ಷಕಿ. ಮಕ್ಕಳು ಒಂಬತ್ತು. ಸಂಜೆಯೊಳಗೆ ಹತ್ತಾಗದಿದ್ದರೆ ಶಾಲೆಗೆ ಬೀಗ, ಅಕ್ಕೋರಿಗೆ ಜೋಯಿಡಾದ ಕಾಡಿಗೆ ವರ್ಗ ಎಂದು ಶಿಕ್ಷಣ ಇಲಾಖೆಯ ಸಾಹೇಬರು ಬೆಳಿಗ್ಗೆಯೇ ಫೋನಿನಲ್ಲಿ ಹೇಳಿದ್ದರು. ಅದಕ್ಕೇ ಅವರು ಮಲಕಪ್ಪನ ಮನೆ ಮುಂದೆ ನಿಂತು, ಅವನ ಮಗನನ್ನು ಶಾಲೆಗೆ ಸೇರಿಸಿಕೊಳ್ಳಲು, ಹಾಲು, ಮೊಟ್ಟೆ, ಬಿಸಿಯೂಟ ಎಂದು ಸಂತೆಯಲ್ಲಿ ಬದನೆಕಾಯಿ ಮಾರುವವರಂತೆ ಕೂಗುತ್ತಿದ್ದರು.

ಅಕ್ಕೋರ ಮಗಳು ಪೂರ್ಣಿಮಾ ಟೈ ಕಟ್ಟಿಕೊಂಡು ಹಳದಿ ಗಾಡಿ ಹತ್ತುವುದು ಅಲ್ಲಿನ ನಾಯಿಗಳಿಗೂ ಗೊತ್ತಿತ್ತು.

“ಬಂಗೂರನಗರದ ಆಚೆ... ಇಂಗ್ಲಿಷ್ ಸಾಲಿಗಿ.”

“ನಮಗ ಅಡಿಗಿ ಬಡಿಸಿ, ನಿಮ್ಮ ಮಂದಿ ಖಾನಾವಳ್ಯಾಗ ಉಣ್ಣೂದೇನ್ರಿ?” ಎಂದ ಮಲಕಪ್ಪ, ಬಾಗಿಲು ಮುಚ್ಚಿಕೊಳ್ಳುತ್ತ.

“ಹಂಗ ಅನಬ್ಯಾಡೋ ಮಲಕಪ್ಪಾ,” ಎಂದಳು ರೋಷನಬಿ. “ನನ್ನ ಮೊಮ್ಮಗಳು ತರನ್ನುಮ ಎರಡನೇ ಕ್ಲಾಸಿನ್ಯಾಗ ಇವರ ಕಡೇನ ಕಲಿಯಾಕತ್ತಾಳ. ಭಾಳ ಚೊಲೋ ಕಲಸ್ತಾರ. ಅಕ್ಕೋರ, ನಿಮ್ಮ ಮಗಳನ್ನ ಇಲ್ಲೇ ತರ್ರಿ, ಒಬ್ಬರೂ ಬಾಯಿ ತೆರಿಯಂಗಿಲ್ಲ.”

ಅಕ್ಕೋರಿಗೆ ಸಿಟ್ಟು ಬಂತು. ಯಾರ ಮೇಲೆ ಎಂಬುದು ತಿಳಿಯಲಿಲ್ಲ. ಗಂಡ ಈರೇಶನಿಗೆ ಫೋನು ಮಾಡಿ, “ಪೂರ್ಣಿಮಾನ ನಮ್ಮ ಸಾಲಿಗಿ ಹಾಕ್ತೇನಿ” ಎಂದರು. ಅತ್ತ ಮಿಲ್ಲಿನ ಯಂತ್ರ ಒದರುತ್ತಿತ್ತು; ಅವನ ಮಾತಿಗೆ ಕಾಯದೆ ಫೋನಿಟ್ಟು ಹೊರಟರು.

ಇಂಗ್ಲಿಷ್ ಶಾಲೆಯಲ್ಲಿ ಟೀಸಿಗೆ ವಾರಗಟ್ಟಲೆ ಅಲೆಸುತ್ತಾರೆಂದು ಕೇಳಿದ್ದರು. ಕ್ಲಾರ್ಕ್ ಸಂಜೀವಕುಮಾರ ಬಿಸಿ ಮಿರ್ಚಿ ಕಟ್ಟಿಕೊಟ್ಟಷ್ಟು ಬೇಗ ಕೊಟ್ಟುಬಿಟ್ಟ. ‘ಯಾಕ್ರಿ, ಬಿಡಸಬ್ಯಾಡ್ರಿ’ ಎಂದು ಒಬ್ಬರಾದರೂ ಅಂದಾರು ಎಂದು ಅಕ್ಕೋರು ಬಾಗಿಲಲ್ಲಿ ಸ್ವಲ್ಪ ನಿಂತರು. ಯಾರೂ ಅನ್ನಲಿಲ್ಲ.

ಆಟೋದಲ್ಲಿ ಪೂರ್ಣಿಮಾ ಟೈ ಬಿಚ್ಚಿ ಗಾಳಿಗೆ ಹಿಡಿದಳು. ಅಕ್ಕೋರು ಬೇರೆ ಕಡೆ ನೋಡಿದರು.

ಮಧ್ಯಾಹ್ನದ ಊಟವಾದ ಮೇಲೆ, ಸಾಹೇಬರು ಬರುವ ಮುಂಚೆ, ತಲೆ ಎಣಿಸಿದರು. ಒಂಬತ್ತು. ಮಗಳ ತಲೆ ಮುಟ್ಟಿ ಮತ್ತೊಮ್ಮೆ ಎಣಿಸಿದರು. ಒಂಬತ್ತೇ. ತರನ್ನುಮ ಇರಲಿಲ್ಲ.

ಅಕ್ಕೋರು ಓಡಿದರು. ರೋಷನಬಿ ಬಾಗಿಲಲ್ಲೇ ಸಕ್ಕರೆ ಹಿಡಿದು ನಿಂತಿದ್ದಳು.

“ಬರ್ರಿ ಅಕ್ಕೋರ, ಬಾಯಿ ಸಿಹಿ ಮಾಡ್ರಿ! ಆ ಇಂಗ್ಲಿಷ್ ಸಾಲ್ಯಾಗ ಎರಡು ವರ್ಷದಿಂದ ಸೀಟಿಲ್ಲ, ಸೀಟಿಲ್ಲ ಅಂತಿದ್ರು. ಇವತ್ತ ಅವರಾಗೇ ಫೋನ್ ಮಾಡಿ, ಎರಡನೇ ಕ್ಲಾಸಿನ್ಯಾಗ ಒಂದು ಹುಡುಗಿ ಬಿಟ್ಟಾಳ, ಲಗೂನ ಬರ್ರಿ ಅಂದ್ರು. ತರನ್ನುಮ ಕೇಳಿದ್ದಕ್ಕೆಲ್ಲಾ ಪಟಪಟ ಹೇಳಿದ್ಲು. ಯಾರು ಕಲಿಸ್ಯಾರ ಇಷ್ಟು ಚೊಲೋ ಅಂತ ಕೇಳಿದ್ರು. ನಿಮ್ಮ ಹೆಸರ ಹೇಳೇನಿ. ಅಲ್ಲಾ ನಿಮ್ಮನ್ನ ಚೊಲೋ ಇಡಲಿ!”

“ಮಗಳನ್ನ ಇಲ್ಲೇ ತರ್ರಿ ಅಂದಾಕಿ ನೀ ಅಲ್ಲೇನಬೇ?”

“ಹೌದ್ರಿ ಮತ್ತ. ನೀವು ತರದಿದ್ರ ಸೀಟು ಹೆಂಗ ಖಾಲಿ ಆಗ್ತಿತ್ತು?” ಎಂದಳು ರೋಷನಬಿ, ಬಹಳ ಮೆತ್ತಗೆ. “ಆಕಿ ಟೀಸಿ ಒಂದು ಬರದ ಕೊಡ್ರಿ. ಸಂಜಿಯೊಳಗ ಬೇಕಂತ.”

ಅಕ್ಕೋರು ಬರೆದು ಕೊಟ್ಟರು. ಅವರ ಅಕ್ಷರ ಎಂದಿನಂತೆ ದುಂಡಗೇ ಇತ್ತು.

ಸಾಹೇಬರು ಬಂದರು, ಎಣಿಸಿದರು, ಚಹಾ ಕುಡಿದು ಬೀಗ ಕೇಳಿದರು.

ಮೆಟ್ಟಿಲ ಮೇಲೆ ಪೂರ್ಣಿಮಾ ಖುಷಿಯಲ್ಲಿ ಕಾಲು ಕುಣಿಸುತ್ತಿದ್ದಳು. “ಅವ್ವಾ, ನಾಳೆ ಯಾವ ಸಾಲಿಗಿ ಹೋಗೂಣು?”