ಬೈರಕೂರಿನಲ್ಲಿ ತಾರೆಗಳ ಪಾಠ

ವಿಶ್ವ ಬಹಳ ದೊಡ್ಡದು ಎಂದು ಹೇಳಿಕೊಂಡು ತಿರುಗುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಆಗುವುದಿಲ್ಲ. ದೊಡ್ಡದಾಗಿದ್ದರೆ ಇರಲಿ, ಅದಕ್ಕೆ ನಾನೇನು ಮಾಡಲಿ? ಮುಳಬಾಗಿಲಿನ ನಮ್ಮ ಬಾಡಿಗೆ ಮನೆಯಲ್ಲಂತೂ ಅದರಿಂದ ಒಂದು ಗೇಣು ಜಾಗ ಹೆಚ್ಚಾಗಿಲ್ಲ. ಇದ್ದಷ್ಟು ಜಾಗವನ್ನೂ ಶನಿವಾರ ಬಂತೆಂದರೆ ನನ್ನ ಹೆಂಡತಿಯ ತಮ್ಮ ರಮೇಶ ಬಂದು ತುಂಬುತ್ತಿದ್ದ. ಕೋಲಾರದ ಒಂದು ಕಾಲೇಜಿನಲ್ಲಿ ಭೌತಶಾಸ್ತ್ರದ ಮೇಷ್ಟ್ರು. ಬಸ್ಸಿಳಿದು ಬಂದವನು ಚಪ್ಪಲಿ ಬಿಡುವ ಮೊದಲೇ ನಕ್ಷತ್ರಲೋಕಕ್ಕೆ ಹೊರಟುಬಿಡುತ್ತಿದ್ದ. ಆದರೆ ಊಟಕ್ಕೆ ತಟ್ಟೆ ಇಟ್ಟ ಸದ್ದು ಮಾತ್ರ ಎಷ್ಟು ಜ್ಯೋತಿರ್ವರ್ಷ ದೂರದಲ್ಲಿದ್ದರೂ ಅವನಿಗೆ ಕೇಳಿಸುತ್ತಿತ್ತು.

ನನ್ನದು ಅಲ್ಪ ಆಸೆ. ಸಂಜೆ ಆಫೀಸಿನಿಂದ ಬಂದು, ಕಾಲು ತೊಳೆದು, ರೇಡಿಯೋದ ಪಕ್ಕ ಕುಳಿತು ಅರವತ್ತರ ದಶಕದ ಒಂದು ಸಿನಿಮಾ ಹಾಡು ಕೇಳಬೇಕು, ಅಷ್ಟೆ. ಹಾಡೆಂದರೆ ಆ ಕಾಲದ ಹಾಡು. ಪಿಟೀಲು ಅಳಬೇಕಾದ ಕಡೆ ಮಾತ್ರ ಅಳುತ್ತಿತ್ತು, ಕೊಳಲು ನಡುವೆ ಬಾಯಿ ಹಾಕುತ್ತಿರಲಿಲ್ಲ, ಹಾಡಿನ ಒಂದೊಂದು ಮಾತೂ ನಮ್ಮ ಅಜ್ಜಿಗೂ ತಿಳಿಯುತ್ತಿತ್ತು. ಈಗ ಡಿಸ್ಕೋ ಅಂತೆ. ಅಟ್ಟದಿಂದ ಪಾತ್ರೆ ಉರುಳಿಬಿದ್ದರೆ ನಮ್ಮ ಮನೆಯಲ್ಲಿ ಬೆಕ್ಕನ್ನು ಬೈಯುತ್ತೇವೆ; ಸಿನಿಮಾದವರು ಅದಕ್ಕೇ ಸಂಗೀತ ಎಂದು ಹೆಸರು ಹಾಕುತ್ತಾರೆ. ನಾನು ಕಣ್ಣು ಮುಚ್ಚಿ ತಲೆದೂಗುತ್ತಿದ್ದರೆ ರಮೇಶ, "ಭಾವ, ಈ ಬ್ರಹ್ಮಾಂಡದಲ್ಲಿ ಭೂಮೀನೇ ಒಂದು ಸಾಸಿವೆ ಕಾಳು. ಅದರಲ್ಲಿ ನಿಮ್ಮ ಹಾಡು ಯಾವ ಲೆಕ್ಕ?" ಎನ್ನುತ್ತಿದ್ದ. "ಸಾಸಿವೆ ಇಲ್ದೆ ಒಗ್ಗರಣೆ ಆಗಲ್ಲ ಕಣೋ" ಎಂದು ನಾನು ರೇಡಿಯೋದ ಕಿವಿ ಹಿಂಡಿ ಸದ್ದು ಹೆಚ್ಚಿಸುತ್ತಿದ್ದೆ.

ಇಷ್ಟಕ್ಕೇ ನಿಂತಿದ್ದರೆ ಸಹಿಸಬಹುದಿತ್ತು. ಅವನಿಗೆ ಮದುವೆಯಾಗಬೇಕಿತ್ತಲ್ಲ! ಯಲ್ದೂರಿನಲ್ಲಿ ಹೆಣ್ಣು ನೋಡಲು ಹೋದಾಗ, "ಹುಡುಗೀನ ಏನಾದ್ರೂ ಕೇಳಪ್ಪ" ಎಂದರೆ, "ಸೂರ್ಯ ಒಂದಿನ ಆರಿಹೋಗ್ತಾನೆ, ಗೊತ್ತಾ?" ಎಂದು ಕೇಳಿ ಬಂದಿದ್ದ. ನಾವು ಹೊರಟ ಮೇಲೆ ಆ ಮನೆಯವರು ಬಾಗಿಲಿಗೆ ನೀರು ಹಾಕಿದರಂತೆ. ಹೀಗೆ ನಾಲ್ಕೈದು ಸಂಬಂಧ ಮುರಿದು, ನನ್ನ ಹೆಂಡತಿ ಕುರುಡುಮಲೆ ಗಣಪತಿಗೆ ಹರಕೆ ಹೊತ್ತ ಮೇಲೆ, ಬೈರಕೂರಿನ ಮಾವಿನ ತೋಟದ ವೆಂಕಟರಮಣಪ್ಪನವರ ಮಗಳ ಸಂಬಂಧ ಸಿಕ್ಕಿತು. ಜಾತಕ ಕೂಡಿತ್ತು. ಆದರೂ ಅವರು ಹುಷಾರಿನ ಮನುಷ್ಯ. "ಹುಡುಗ ಏನೋ ಆಕಾಶದ ವಿಷ್ಯ ಹೇಳ್ತಾನಂತಲ್ಲ, ನಮ್ಮೂರ ಸ್ಕೂಲ್ ಮುಂದೆ ಒಂದು ಸಂಜೆ ಪಾಠ ಮಾಡ್ಲಿ. ಊರು ಒಪ್ಪಿದ್ರೆ ನಾನೂ ಒಪ್ತೀನಿ" ಎಂದರು. ಹೆಂಡತಿ ನನ್ನನ್ನೂ ಜೊತೆಗೆ ಅಟ್ಟಿದಳು. "ನೋಡ್ರೀ, ಇದೂ ತಪ್ಪಿಹೋದ್ರೆ ಅವನು ಶನಿವಾರ ಮಾತ್ರ ಅಲ್ಲ, ಜೀವಮಾನವೆಲ್ಲ ಇಲ್ಲೇ ಇರ್ತಾನೆ" ಎಂದಳು. ನಾನು ಆಗಲೇ ಚಪ್ಪಲಿ ಮೆಟ್ಟಿದೆ.

ಬೈರಕೂರಿನಲ್ಲಿ ನೋಡಿದರೆ ಸ್ಕೂಲಿನ ಮುಂದೆ ಕಾಲಿಡಲು ಜಾಗವಿಲ್ಲ. ಹೆಂಗಸರು ಹೂ ಮುಡಿದು, ಮಕ್ಕಳನ್ನು ಕಂಕುಳಲ್ಲಿ ಎತ್ತಿಕೊಂಡು, ಚಾಪೆ ಸಮೇತ ಬಂದಿದ್ದರು. ರಮೇಶ ಉಬ್ಬಿಹೋದ. "ನೋಡಿದ್ರಾ ಭಾವ, ಜನಕ್ಕೆ ವಿಜ್ಞಾನ ಅಂದ್ರೆ ಎಷ್ಟು ಹಸಿವು!" ಎಂದು ಮೈಕು ಹಿಡಿದು ಶುರುಮಾಡಿದ. ಬೆಳಕು ಸೆಕೆಂಡಿಗೆ ಮೂರು ಲಕ್ಷ ಕಿಲೋಮೀಟರ್ ಓಡುತ್ತದೆ ಎಂದ. ಜನ ತಾಳ್ಮೆಯಿಂದ ಓಡಲು ಬಿಟ್ಟರು. ಸ್ವಲ್ಪ ಹೊತ್ತಾದ ಮೇಲೆ ಮುಂದಿನ ಸಾಲಿನ ಒಬ್ಬ ಅಜ್ಜಿ ಎದ್ದು ನಿಂತು, "ಅದಂತಾ ಸರೇ ನಾಯನಾ, ಪಾಟ ಎಪ್ಪುಡು?" ಎಂದರು. ರಮೇಶ, "ಇದೇ ಅಮ್ಮಾ ಪಾಠ" ಎಂದ. "ಇದೇನಾ? ರಾಗಾನೇ ಇಲ್ವಲ್ಲಪ್ಪಾ!" ಎಂದರು ಅಜ್ಜಿ.

ಆಗ ನನಗೆ ಹೊಳೆಯಿತು. ನಮ್ಮ ಗಡಿಯ ಕಡೆ ಅರ್ಧ ಮಾತು ತೆಲುಗು, ತೆಲುಗಿನಲ್ಲಿ ಪಾಟ ಎಂದರೆ ಹಾಡು; ಅಜ್ಜಿ ಕೇಳಿದ್ದು ಹಾಡು ಯಾವಾಗ ಎಂದು. ಕನ್ನಡದ ಪಾಠದಲ್ಲಿರುವ ಠಕಾರವನ್ನೋ, ನಮ್ಮ ಕಡೆಯ ಬಾಯಿಗಳು ಎಂದೋ ಉಗುಳಿಬಿಟ್ಟಿವೆ. "ಸಂಜೆಗೆ ತಾರೆಗಳ ಪಾಟ" ಎಂದು ತಮಟೆ ಹೊಡೆದು ಸಾರಿದ್ದರು. ಸಿನಿಮಾ ತಾರೆಯರು ಬಂದು ಹಾಡುತ್ತಾರೆಂದು ಊರಿಗೆ ಊರೇ ಬಂದು ಕುಳಿತಿತ್ತು. ಹಿಂದಿನಿಂದ ಸಿಳ್ಳೆ ಶುರುವಾಯಿತು. ವೆಂಕಟರಮಣಪ್ಪನವರು ಟವೆಲಿನಿಂದ ಮುಖ ಒರೆಸಿಕೊಳ್ಳತೊಡಗಿದರು. ವಿಜ್ಞಾನದ ಹಸಿವು ಅಂತೆ, ಹಸಿವು! ನನಗೆ ಒಳಗೊಳಗೇ ಖುಷಿಯೋ ಖುಷಿ. ಮರುಕ್ಷಣ ನಮ್ಮ ಮನೆಯ ಗತಿ ಕಣ್ಣಿಗೆ ಕಟ್ಟಿ ಆ ಖುಷಿ ಜರ್ರನೆ ಇಳಿಯಿತು.

ರಮೇಶ ತಡವರಿಸುತ್ತ ಶ್ರವಣ ನಕ್ಷತ್ರದ ಕಡೆ ಕೈ ತೋರಿಸಿದ. "ಅದರ ಬೆಳಕು ಇಲ್ಲಿಗೆ ಬರೋಕೆ ಹದಿನಾರು ಹದಿನೇಳು ವರ್ಷ ಬೇಕು. ನಾವೀಗ ನೋಡ್ತಿರೋದು ಅರವತ್ತರ ದಶಕದಲ್ಲಿ ಹೊರಟ ಬೆಳಕು" ಎಂದ. ನಾನೂ ತಲೆ ಎತ್ತಿದೆ. ಸುಳ್ಳೇಕೆ ಹೇಳಲಿ, ಮೈ ಜುಮ್ಮೆಂದಿತು. ಆ ಬೆಳಕು ಹೊರಟಾಗ ನನಗೆ ತಲೆತುಂಬ ಕೂದಲಿತ್ತು. ಟೆಂಟ್ ಸಿನಿಮಾದ ನೆಲದ ಮೇಲೆ ಕುಳಿತು ಹಾಡು ಕೇಳಿ ಕಣ್ಣೊರೆಸಿಕೊಳ್ಳುತ್ತಿದ್ದೆ. ಅಲ್ಲಿಂದ ಈಗ ಯಾರಾದರೂ ಇತ್ತ ನೋಡಿದರೆ ಅವರಿಗೆ ಕಾಣುವುದು ಆ ಟೆಂಟು, ಆ ನಾನು! ನನ್ನ ಕಾಲ ಎಲ್ಲಿಯೂ ಹೋಗಿಲ್ಲ, ಇನ್ನೂ ದಾರಿಯಲ್ಲಿದೆ ಅನ್ನಿಸಿತು. ಎದ್ದವನೇ ರಮೇಶನ ಕೈಯಿಂದ ಮೈಕು ಕಿತ್ತುಕೊಂಡು ಹಾಡಿಯೇಬಿಟ್ಟೆ. ಕಣ್ಣು ಮುಚ್ಚಿ ಪಲ್ಲವಿ ಹಾಡಿದೆ, ಚರಣ ಹಾಡಿದೆ, ನಡುವಿನ ಪಿಟೀಲನ್ನೂ ಬಾಯಲ್ಲೇ ನುಡಿಸಿದೆ.

ಕಣ್ಣು ಬಿಟ್ಟೆ. ಕಂಕುಳ ಕೂಸುಗಳೂ ನನ್ನನ್ನೇ ನೋಡುತ್ತಿದ್ದವು. ಅಜ್ಜಿ ಎರಡೂ ಕೈ ಮುಗಿದು, "ವದ್ದು ನಾಯನಾ, ಸಾಕು. ಆ ಯಪ್ಪ ಹೇಳ್ತಿದ್ನಲ್ಲ, ಆ ಪಾಠಾನೇ ಹೇಳ್ಲಿ" ಎಂದರು. "ಪಾಠ! ಪಾಠ!" ಎಂದು ಇಡೀ ಬೈರಕೂರು ಕೂಗಿತು. ಆ ಊರಿನವರ ಬಾಯಲ್ಲಿ ಠಕಾರ ಅಷ್ಟು ಸ್ಪಷ್ಟವಾಗಿ ಹೊರಟದ್ದು ಅಂದೇ ಮೊದಲಿರಬೇಕು. ಆಮೇಲೆ ರಮೇಶ ಬ್ರಹ್ಮಾಂಡವನ್ನೆಲ್ಲ ಸುತ್ತಿಸಿ ಬಂದರೂ ಒಬ್ಬರೂ ಮೇಲೇಳಲಿಲ್ಲ. ಅವನು ನಿಲ್ಲಿಸಿದರೆ ನಾನು ಶುರುಮಾಡುತ್ತೇನೆಂಬ ಭಯ. ಊರು ಒಪ್ಪಿತು, ವೆಂಕಟರಮಣಪ್ಪನವರೂ ಒಪ್ಪಿದರು.

ಮನೆಗೆ ಬಂದು, "ನನ್ನ ಹಾಡಿನಿಂದಲೇ ಕಣೇ ಸಂಬಂಧ ಕುದುರಿದ್ದು" ಎಂದು ಹೆಂಡತಿಗೆ ಹೇಳಿದೆ. ಇದರಲ್ಲಿ ಒಂದಕ್ಷರ ಸುಳ್ಳಿಲ್ಲ. ಅವಳು ಹಿಗ್ಗಿ ಬಂಧುಬಳಗಕ್ಕೆಲ್ಲ ಸಾರಿಕೊಂಡು ಬಂದಳು. ಮದುವೆಯ ದಿನ ತಾಳಿ ಕಟ್ಟಿ, ಅಕ್ಷತೆ ಬಿದ್ದು, ಎಲ್ಲ ಮುಗಿದು ಜನ ಊಟಕ್ಕೆ ಏಳುವ ಹೊತ್ತಿನಲ್ಲಿ ಯಾರೋ, "ಎಲ್ಲಿ, ಭಾವನವರದು ಒಂದು ಹಾಡಾಗ್ಲಿ" ಎಂದರು. ನಾನು ಶಲ್ಯ ಸರಿಮಾಡಿಕೊಂಡು ಕೆಮ್ಮಿದೆ, ಅಷ್ಟೆ. ವೆಂಕಟರಮಣಪ್ಪನವರು ಎಲೆ ಹಾಕಿಸುತ್ತಿದ್ದಲ್ಲಿಂದ ಎದ್ದುಬಿದ್ದು ಓಡಿಬಂದು, ವಾದ್ಯ ಕಟ್ಟಿಡುತ್ತಿದ್ದ ಓಲಗದವರತ್ತ ಕೈಬೀಸಿ, "ಗಟ್ಟಿಮೇಳ! ಗಟ್ಟಿಮೇಳ!" ಎಂದು ಕೂಗಿದರು.